ಹಳೇ ನೋಟು ಕೈಗೆ ಬಂತಾ? ಮೊದಲು ಇಸ್ತ್ರಿಪೆಟ್ಟಿಗೆ ದೂರ ಇಡಿ

ನನ್ನ ಸಂಗ್ರಹಕ್ಕೆ ಬಂದ ಮೊದಲ ವಿದೇಶಿ ನೋಟು ರಷ್ಯಾದ್ದು. ಐದು ರೂಬಲ್. ನೀಲಿ ಬಣ್ಣ, ನಿಲ್ಲಿಸಿ ಹಿಡಿದು ನೋಡಬೇಕಾದ ವಿನ್ಯಾಸ, ಅದರ ಮೇಲೆ 1909 ಎಂಬ ಇಸವಿ. ಯಾರೋ ನಾಲ್ಕಾಗಿ ಮಡಿಚಿ ಎಲ್ಲೋ ತುರುಕಿಟ್ಟಿದ್ದರು. ಇಷ್ಟು ಹಳೇ ನೋಟು ಹೀಗೆ ಮುದುಡಿಕೊಂಡಿರುವುದು ನೋಡಿ ನನಗೆ ಬೇಜಾರಾಯಿತು. ತೆಳು ಬಟ್ಟೆ ಹಾಸಿ ಮೇಲೆ ಇಸ್ತ್ರಿ ಎಳೆದೆ. ನೋಟು ನೆಟ್ಟಗಾಯಿತು. ಖುಷಿಯಿಂದ ಹಿರಿಯ ಸಂಗ್ರಾಹಕರೊಬ್ಬರ ಮುಂದೆ ಇಟ್ಟೆ. ಅವರು ಅದನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. ಪುಟ್ಟ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರು, ಒಂದೆರಡು ಕ್ಷಣ ನೋಡಿದರು. "ಇಸ್ತ್ರಿ ಹಾಕಿದ್ರಾ?" ಅಂದರು.

ಮಡಿಕೆಯ ಗೆರೆಗಳು ಅಲ್ಲೇ ಇದ್ದವು. ಕಾಗದದ ನಾರು ಒಮ್ಮೆ ಮುರಿದರೆ ಬಿಸಿ ಅದನ್ನು ಕೂಡಿಸುವುದಿಲ್ಲ. ಮೊದಲಿದ್ದ ಒರಟು ಹೋಗಿ ಒಂದು ಥರದ ಸುಳ್ಳು ಹೊಳಪು ಬಂದಿತ್ತು, ಅಷ್ಟೇ. ಅದೇ ನೋಟಿನ ವಿಷಯದಲ್ಲಿ ನಾನು ಇನ್ನೊಂದು ತಪ್ಪನ್ನೂ ಮಾಡಿದ್ದೆ. ಅದು ಗುರುತಿಸುವ ಭಾಗದಲ್ಲಿ ಬರುತ್ತದೆ.

ನಿಮ್ಮ ಕೈಗೂ ಪೆಟ್ಟಿಗೆಯಿಂದಲೋ ಹಳೇ ಪುಸ್ತಕದ ನಡುವಿನಿಂದಲೋ ಒಂದು ನೋಟು ಬಂದಿದೆ ಅಂದುಕೊಳ್ಳಿ. ಏನು ಮಾಡಬೇಕು, ಯಾವ ಕ್ರಮದಲ್ಲಿ?

ಮೊದಲ ಹೆಜ್ಜೆ: ಹಾಗೇ ಬಿಡಿ

ಕೈ ತೊಳೆದು ಚೆನ್ನಾಗಿ ಒಣಗಿಸಿಕೊಳ್ಳಿ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ನೋಟನ್ನು ಅದರ ಮೇಲಿಡಿ. ಎತ್ತುವಾಗ ಅಂಚು ಹಿಡಿದು ಎತ್ತಿ. ಬೆರಳಿನ ಎಣ್ಣೆ, ಬೆವರು ಕಾಗದಕ್ಕೆ ಇಳಿದರೆ ಕಲೆ ಕಾಣಲು ವರ್ಷಗಳೇ ಹಿಡಿಯಬಹುದು, ಆದರೆ ಕಾಣುತ್ತದೆ. ಹತ್ತಿಯ ಕೈಗವಸು ಹಾಕಿಕೊಳ್ಳಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಸರಿಬರಲಿಲ್ಲ. ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ, ಹರಿದ ಅಂಚು ದಾರಕ್ಕೆ ಸಿಕ್ಕಿಕೊಳ್ಳುತ್ತದೆ. ಬೇಕೇಬೇಕು ಅಂದರೆ ತೆಳು ನೈಟ್ರೈಲ್ ಕೈಗವಸು ವಾಸಿ. ಅಂಚೆಚೀಟಿ ಸಂಗ್ರಹಿಸುವವರು ಬಳಸುವ ಚಪ್ಪಟೆ ತುದಿಯ ಚಿಮುಟವೂ ಆಗುತ್ತದೆ.

ರಬ್ಬರ್ ಬ್ಯಾಂಡ್, ಕ್ಲಿಪ್ ಇದ್ದರೆ ನಿಧಾನಕ್ಕೆ ತೆಗೆಯಿರಿ. ರಬ್ಬರ್ ಕರಗಿ ಕಾಗದಕ್ಕೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಸೆಲೋಟೇಪ್ ಹಾಕಿದ್ದರೆ ಅದನ್ನೂ ಕೀಳಬೇಡಿ. ಟೇಪಿನ ಜೊತೆ ಮುದ್ರಣದ ಮಸಿಯೂ ಎದ್ದು ಬರುತ್ತದೆ. ಇಂಥದ್ದನ್ನು ಕಾಗದ ಸಂರಕ್ಷಣೆ ಗೊತ್ತಿರುವವರೇ ಮಾಡಬೇಕು.

ತೊಳೆಯುವುದು, ರಬ್ಬರಿನಿಂದ ಉಜ್ಜುವುದು, ಹರಿದದ್ದನ್ನು ಅಂಟಿಸುವುದು, ಅಂಚು ಕತ್ತರಿಸಿ ನೇರ ಮಾಡುವುದು, ಲ್ಯಾಮಿನೇಷನ್ ಮಾಡಿಸುವುದು ಬೇಡವೇ ಬೇಡ. ಲ್ಯಾಮಿನೇಷನ್ ಆದ ನೋಟು ಸಂಗ್ರಾಹಕರ ಮಟ್ಟಿಗೆ ಮುಗಿದಂತೆಯೇ.

ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ಮುಂದಿನ ಕೆಲಸವನ್ನೆಲ್ಲ ಆದಷ್ಟು ಫೋಟೋ ನೋಡಿಯೇ ಮಾಡಿ. ನೋಟನ್ನು ಹತ್ತು ಸಲ ಎತ್ತಿ ಇಡುವುದು ತಪ್ಪುತ್ತದೆ.

ಎರಡನೇ ಹೆಜ್ಜೆ: ಇದು ಯಾವ ನೋಟು?

ನೋಟಿನ ಮೇಲೆ ಆರು ವಿಷಯ ಹುಡುಕಿ: ಹೊರಡಿಸಿದವರು, ಮುಖಬೆಲೆ, ಇಸವಿ, ಸಹಿ, ಸರಣಿ ಸಂಖ್ಯೆ, ಮುದ್ರಕರ ಹೆಸರು. ಲಿಪಿ ಓದಲು ಬಾರದಿದ್ದರೂ ಅಂಕಿ ಗೊತ್ತಾಗುತ್ತದೆ, ಚಿತ್ರ ಗೊತ್ತಾಗುತ್ತದೆ. ಕೆಳಗಿನ ಅಂಚಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಥಾಮಸ್ ಡಿ ಲಾ ರೂ, ಬ್ರಾಡ್‌ಬರಿ ವಿಲ್ಕಿನ್ಸನ್, ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿ ಅಂತ ಚಿಕ್ಕ ಅಕ್ಷರದಲ್ಲಿ ಇರಬಹುದು. ಈ ಮುದ್ರಕರು ಹತ್ತಾರು ದೇಶಗಳಿಗೆ ನೋಟು ಮಾಡಿಕೊಟ್ಟವರು. ಹಾಗಾಗಿ ಮುದ್ರಕರ ಹೆಸರು ಇಂಗ್ಲಿಷಿನಲ್ಲಿದೆ ಅಂತ ನೋಟು ಇಂಗ್ಲೆಂಡಿನದು ಅಂದುಕೊಳ್ಳಬೇಡಿ.

ಜಾಸ್ತಿ ಜನ ಎಡವುವುದು ಇಸವಿಯಲ್ಲಿ. ನಾನೂ ಅಲ್ಲೇ ಎಡವಿದ್ದು. ಆ ಐದು ರೂಬಲ್ ನೋಟಿನ ಮೇಲಿದ್ದ 1909 ಆ ವಿನ್ಯಾಸದ ವರ್ಷ. ಮುದ್ರಣ ಅದಾದ ಮೇಲೂ ವರ್ಷಗಟ್ಟಲೆ ನಡೆಯಿತು. ನೋಟಿನ ಮೇಲೆ ಸರ್ಕಾರಿ ಬ್ಯಾಂಕಿನ ವ್ಯವಸ್ಥಾಪಕರ ಸಹಿ ಇರುತ್ತದೆ. 1912ರವರೆಗೆ ಕೊನ್‌ಶಿನ್ ಎಂಬವರದು, ಆಮೇಲೆ ಶಿಪೊವ್ ಎಂಬವರದು. ಕೊನ್‌ಶಿನ್ ಸಹಿ ಇರುವವು ಕಡಿಮೆ, ಶಿಪೊವ್ ಸಹಿಯವು ರಾಶಿ ರಾಶಿ. ನನ್ನದರಲ್ಲಿ ಇದ್ದದ್ದು ಶಿಪೊವ್ ಸಹಿ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆ ಹಿರಿಯರು ಸರಣಿ ಸಂಖ್ಯೆಯ ಮೇಲೆ ಬೆರಳು ತೋರಿಸಿದರು. ಉದ್ದನೆಯ ಸಂಖ್ಯೆ ಇರಬೇಕಾದಲ್ಲಿ ಎರಡು ಅಕ್ಷರ, ಒಂದು ಅಡ್ಡಗೆರೆ, ಮೂರು ಅಂಕಿ. ಕೊನೆಕೊನೆಗೆ ಅವಸರದಲ್ಲಿ ಅಚ್ಚು ಹಾಕುವಾಗ ಪ್ರತಿ ನೋಟಿಗೂ ಬೇರೆ ಬೇರೆ ನಂಬರ್ ಕೊಡುವುದನ್ನೇ ಬಿಟ್ಟು, ಸರಣಿಯ ಗುರುತನ್ನಷ್ಟೇ ಹಾಕಿದ್ದರು. ಕ್ರಾಂತಿ ಆಗಿ ರಷ್ಯಾದ ಚಕ್ರವರ್ತಿ ತ್ಸಾರ್ ಹೋದ ಮೇಲೂ ಹೊಸ ಸರ್ಕಾರದವರು ತ್ಸಾರ್ ಕಾಲದ ಅಚ್ಚಿನಲ್ಲೇ ನೋಟು ತೆಗೆಯುತ್ತಿದ್ದರು. ನಾನು 1909ರದು ಅಂತ ಹೇಳಿಕೊಂಡು ತಿರುಗಿದ್ದ ನೋಟು ಅಂಥದ್ದು.

ಬೇರೆ ದೇಶಗಳಲ್ಲೂ ಇಂಥ ಸೂಕ್ಷ್ಮಗಳಿವೆ. ಅಮೆರಿಕದ ನೋಟಿನ ಮೇಲಿರುವ ಇಸವಿ ಸರಣಿಯದು, ಅಚ್ಚಾದ ವರ್ಷದ್ದಲ್ಲ. ಸಣ್ಣ ಬದಲಾವಣೆಯಾದರೆ ಇಸವಿಯ ಪಕ್ಕಕ್ಕೆ ಎ, ಬಿ ಅಂತ ಅಕ್ಷರ ಸೇರುತ್ತದೆ. ಬ್ಯಾಂಕ್ ಆಫ್ ಇಂಗ್ಲೆಂಡಿನ ಹಳೇ ಹಸಿರು ಒಂದು ಪೌಂಡ್ ನೋಟಿನಲ್ಲಿ ಇಸವಿಯೇ ಇಲ್ಲ. ಅಲ್ಲಿ ಚೀಫ್ ಕ್ಯಾಷಿಯರ್ ಸಹಿಯೇ ಪಂಚಾಂಗ: ಬೀಲ್ ಅಂತಿದ್ದರೆ 1949ರಿಂದ 1955ರ ನಡುವಿನದು, ಒ'ಬ್ರಿಯೆನ್ ಅಂತಿದ್ದರೆ 1955ರಿಂದ 1962ರ ನಡುವಿನದು. ಭಾರತದ ಒಂದು ರೂಪಾಯಿ ನೋಟಿನ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಹುಡುಕಿದರೆ ಸಿಗುವುದಿಲ್ಲ. ಅದು ಸರ್ಕಾರದ ನೋಟು, ಹಣಕಾಸು ಕಾರ್ಯದರ್ಶಿ ಸಹಿ ಹಾಕುತ್ತಾರೆ.

ಇಷ್ಟು ಮಾಹಿತಿ ಸಿಕ್ಕಿದ ಮೇಲೆ ಕ್ಯಾಟಲಾಗ್ ತೆರೆಯಿರಿ. ಜರ್ಮನಿಯ ಆಲ್ಬರ್ಟ್ ಪಿಕ್ ಎಂಬ ಸಂಗ್ರಾಹಕರು ಜಗತ್ತಿನ ನೋಟುಗಳಿಗೆಲ್ಲ ದೇಶವಾರು ನಂಬರ್ ಕೊಟ್ಟರು. ವ್ಯಾಪಾರಿಗಳು, ಹರಾಜಿನವರು ಇವತ್ತಿಗೂ ಅದನ್ನೇ ಬಳಸುತ್ತಾರೆ. ಪಿಕ್ ನಂಬರ್ ಅಂತ ಕರೆಯುತ್ತಾರೆ. ನಂಬರಿನ ಕೊನೆಗೆ ಬರುವ ಚಿಕ್ಕ ಅಕ್ಷರವನ್ನು ಬಿಟ್ಟುಬಿಡಬೇಡಿ. ಸಹಿ, ಇಸವಿ, ವಾಟರ್‌ಮಾರ್ಕ್ ಬದಲಾದಾಗ ಆ ಅಕ್ಷರ ಬದಲಾಗುತ್ತದೆ. ಕೆಲವೊಮ್ಮೆ ಬೆಲೆಯ ಗುಟ್ಟೆಲ್ಲ ಅಲ್ಲೇ ಇರುತ್ತದೆ. ಪುಸ್ತಕ ಸಿಗದಿದ್ದರೆ ನುಮಿಸ್ಟಾ ಎಂಬ ಜಾಲತಾಣದಲ್ಲಿ ಚಿತ್ರ ಹೋಲಿಸಿ ನೋಡಬಹುದು.

ಸರಣಿ ಸಂಖ್ಯೆಯಲ್ಲಿ ನಕ್ಷತ್ರ ಚಿಹ್ನೆ ಇದೆಯಾ ಅಂತಲೂ ನೋಡಿ. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಹಾಕಿದ್ದು ಅಂತ ಅದರ ಅರ್ಥ. ಅಮೆರಿಕದಲ್ಲಿ ಇದು 1910ರಿಂದ ಇದೆ, ಭಾರತದಲ್ಲಿ 2006ರಿಂದ. ಎಲ್ಲ ಅಂಕಿಯೂ ಒಂದೇ ಆಗಿರುವುದು, ಹಿಂದೆ ಮುಂದೆ ಓದಿದರೂ ಒಂದೇ ಬರುವುದು, 000001ರಂಥ ಮೊದಲ ಸಂಖ್ಯೆಗಳು, ಇವಕ್ಕೂ ಗಿರಾಕಿಗಳಿದ್ದಾರೆ.

ಮೂರನೇ ಹೆಜ್ಜೆ: ಅಸಲಿಯಾ?

ಬೆಳಕಿಗೆ ಹಿಡಿಯಿರಿ. ನಿಜವಾದ ವಾಟರ್‌ಮಾರ್ಕ್ ಕಾಗದ ತಯಾರಾಗುವಾಗಲೇ ಮೂಡುತ್ತದೆ. ಕಾಗದದ ದಪ್ಪ ಹೆಚ್ಚು ಕಡಿಮೆ ಆಗಿರುವುದರಿಂದ ನೆರಳು ಬೆಳಕು ಮೆಲ್ಲಗೆ ಬೆರೆತಿರುತ್ತವೆ. ಮೇಲೆ ಅಚ್ಚು ಹಾಕಿದ ನಕಲಿಯಲ್ಲಿ ಗೆರೆ ಚೂಪಾಗಿ ಕಾಣುತ್ತದೆ, ಬೆಳಕಿಗೆ ಹಿಡಿಯದೆಯೂ ಕಾಣುತ್ತದೆ. ಭದ್ರತಾ ಎಳೆ ಇದೆಯಾ ನೋಡಿ. ಲೋಹದ ಎಳೆ ಕಾಗದದೊಳಗೆ ಸೇರಿಸುವುದನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಶುರು ಮಾಡಿದ್ದು 1940ರಲ್ಲಿ. ಅದಕ್ಕಿಂತ ಹಳೇ ನೋಟಿನಲ್ಲಿ ಎಳೆ ಇಲ್ಲ ಅಂತ ಗಾಬರಿಯಾಗಬೇಡಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಅರ್ಧ ಕೆಲಸ ಮುಗಿಯಿತು. ಅಸಲಿ ನೋಟಿನಲ್ಲಿ ಗೆರೆ ಗೆರೆಯಾಗಿಯೇ ಇರುತ್ತದೆ. ಮನೆಯ ಪ್ರಿಂಟರಿನಲ್ಲಿ ತೆಗೆದ ನಕಲಿಯಲ್ಲಿ ಗೆರೆ ಒಡೆದು ಬಣ್ಣಬಣ್ಣದ ಚುಕ್ಕೆಗಳಾಗುತ್ತದೆ. ಅನೇಕ ನೋಟುಗಳ ಮುಖ್ಯ ಚಿತ್ರವನ್ನು, ಅಕ್ಷರಗಳನ್ನು ಕೊರೆದ ಲೋಹದ ಹಾಳೆಯಿಂದ ಅಚ್ಚು ಹಾಕಿರುತ್ತಾರೆ. ಮಸಿ ಕಾಗದದ ಮೇಲೆ ಉಬ್ಬಿ ನಿಂತಿರುತ್ತದೆ, ಓರೆ ಬೆಳಕಿನಲ್ಲಿ ಅದು ಕಾಣುತ್ತದೆ.

ಅಲ್ಟ್ರಾವೈಲೆಟ್ ಟಾರ್ಚ್ ಸಣ್ಣದೊಂದು ಇಟ್ಟುಕೊಳ್ಳಿ. ನೋಟಿನ ಕಾಗದ ಹತ್ತಿ ನಾರಿನದು, ಆ ಬೆಳಕಿನಲ್ಲಿ ಮಂಕಾಗಿಯೇ ಇರುತ್ತದೆ. ಸಾಮಾನ್ಯ ಬಿಳಿ ಹಾಳೆ ನೀಲಿಯಾಗಿ ಹೊಳೆಯುತ್ತದೆ, ಯಾಕೆಂದರೆ ಅದಕ್ಕೆ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ. ಇಲ್ಲೊಂದು ಮಜಾ ಇದೆ. ಬಟ್ಟೆ ಸೋಪಿನ ಪುಡಿಯಲ್ಲೂ ಅದೇ ಥರದ ರಾಸಾಯನಿಕ ಇರುತ್ತದೆ. ಹಾಗಾಗಿ ಅಸಲಿ ನೋಟು ಹೊಳೆದರೆ ಯಾರೋ ಅದನ್ನು ತೊಳೆದಿದ್ದಾರೆ ಅಂತ ಸಂಶಯ ಪಡಬಹುದು.

ಪೂರ್ತಿ ಖೋಟಾ ನೋಟಿಗಿಂತ ಜಾಸ್ತಿ ಮೋಸ ಆಗುವುದು ಅಸಲಿ ನೋಟಿಗೆ ಮಾಡಿದ ಕೈಚಳಕದಿಂದ. 1942ರಲ್ಲಿ ಅಮೆರಿಕ ತನ್ನ ಕೆಲವು ನೋಟುಗಳ ಮೇಲೆ ಹವಾಯಿ ಅಂತ ದೊಡ್ಡದಾಗಿ ಅಚ್ಚು ಹಾಕಿತ್ತು, ಜಪಾನಿನ ಕೈಗೆ ದ್ವೀಪ ಸಿಕ್ಕಿದರೆ ಆ ನೋಟುಗಳನ್ನಷ್ಟೇ ರದ್ದು ಮಾಡಬಹುದು ಅಂತ. ಅವುಗಳ ಮೇಲಿರುವ ಖಜಾನೆಯ ಮುದ್ರೆ (ಸೀಲ್) ಕಂದು ಬಣ್ಣದ್ದು. ಸಾಮಾನ್ಯ ನೋಟಿನ ಮೇಲೆ ಆ ಪದವನ್ನು ಆಮೇಲೆ ಅಚ್ಚೊತ್ತಿದರೆ ಮುದ್ರೆಯ ಬಣ್ಣವೇ ಗುಟ್ಟು ರಟ್ಟು ಮಾಡುತ್ತದೆ. ಅಚ್ಚು ತಪ್ಪಿದ ನೋಟು ಅಂತ ಯಾರಾದರೂ ತೋರಿಸಿದರೂ ಅಷ್ಟೇ. ಅಂಚಿನಲ್ಲಿ ಪಕ್ಕದ ನೋಟಿನ ಚೂರು ಕಾಣುತ್ತಿದೆಯಾ ಅಥವಾ ಕತ್ತರಿಯ ಕೆಲಸವಾ ಅಂತ ಅಳತೆಪಟ್ಟಿ ಇಟ್ಟು ನೋಡಿ.

ನಾಲ್ಕನೇ ಹೆಜ್ಜೆ: ಸ್ಥಿತಿ ಅಳೆಯುವುದು

ಇದಕ್ಕೆ ತಾಳ್ಮೆ ಬೇಕು. ಕೋಣೆಯ ದೀಪ ಆರಿಸಿ. ಟಾರ್ಚನ್ನು ಮೇಜಿಗೆ ತಾಗಿಸಿದಂತೆ ಇಟ್ಟು ಬೆಳಕು ನೋಟಿನ ಮೇಲೆ ಓರೆಯಾಗಿ ಹರಿಯುವಂತೆ ಮಾಡಿ. ನೇರ ಬೆಳಕಿನಲ್ಲಿ ಸಪಾಟಾಗಿದ್ದ ನೋಟು ಈಗ ಬೇರೆಯೇ ಕಾಣುತ್ತದೆ. ನಡುವೆ ಒಂದು ಸಣ್ಣ ಏಣು. ಮೂಲೆಯಲ್ಲಿ ಯಾರೋ ಎಣಿಸುವಾಗ ಬೆರಳು ಬಗ್ಗಿಸಿದ ಗುರುತು. ಈಗ ನೋಟನ್ನು ತಿರುಗಿಸಿ ಇನ್ನೊಂದು ದಿಕ್ಕಿನಿಂದ ಬೆಳಕು ಬಿಡಿ. ಮೊದಲು ಕಾಣದ ಅಡ್ಡ ಮಡಿಕೆ ಎದ್ದು ಬರುತ್ತದೆ. ಕೊನೆಗೆ ಕಿಟಕಿಗೆ ಹಿಡಿದರೆ ಸೂಜಿಮೊನೆಯಂಥ ತೂತು, ನಡುವೆ ಸವೆದು ತೆಳುವಾದ ಜಾಗ ಗೊತ್ತಾಗುತ್ತವೆ.

ಮಡಿಕೆಯಲ್ಲಿ ಎರಡು ಥರ. ಮುದ್ರಣ ಕೆಡದೆ ಬರೀ ಕಾಗದ ಬಗ್ಗಿದ್ದು ಒಂದು. ಬಗ್ಗಿದ ಜಾಗದಲ್ಲಿ ಮಸಿ ಉದುರಿ ಬಿಳಿ ಗೆರೆ ಬಿದ್ದಿದ್ದು ಇನ್ನೊಂದು. ಎರಡನೆಯದು ಸ್ಥಿತಿಯನ್ನು ತುಂಬಾ ಕೆಳಗೆ ಎಳೆಯುತ್ತದೆ.

ಅಂತರರಾಷ್ಟ್ರೀಯ ಸಂಗ್ರಾಹಕರ ಸಂಘದ ಅಳತೆಗೋಲು ಇದೆ. ಯುಎನ್‌ಸಿ ಅಂದರೆ ಬಳಕೆಗೇ ಬಾರದ ಗರಿಗರಿ ನೋಟು. ಎಯು ಅಂದರೆ ನಡುವೆ ಒಂದು ಹಗುರ ಮಡಿಕೆಯೋ ಮೂಲೆಯಲ್ಲಿ ಎಣಿಕೆಯ ಗುರುತೋ ಇರಬಹುದು, ಎರಡೂ ಇರಬಾರದು. ಇಎಫ್‌ನಲ್ಲಿ ಮೂರು ಹಗುರ ಮಡಿಕೆ ಅಥವಾ ಒಂದು ಗಟ್ಟಿ ಗೆರೆ ನಡೆಯುತ್ತದೆ. ಆಮೇಲೆ ವಿಎಫ್ (ವೆರಿ ಫೈನ್), ಎಫ್ (ಫೈನ್), ವಿಜಿ (ವೆರಿ ಗುಡ್), ಜಿ (ಗುಡ್) ಅಂತ ಇಳಿಯುತ್ತಾ ಹೋಗುತ್ತದೆ. ಪಿಎಂಜಿಯಂಥ ದರ್ಜೆ ನೀಡುವ ಕಂಪನಿಗಳು 70 ಅಂಕದ ಲೆಕ್ಕ ಇಟ್ಟುಕೊಂಡಿವೆ; 60ರಿಂದ ಮೇಲಿನದು ಬಳಕೆಯಾಗದ ನೋಟು. ಅವರು ನೋಟನ್ನು ಗಟ್ಟಿ ಕವರಿನಲ್ಲಿ ಹಾಕಿ ಸೀಲ್ ಮಾಡಿ ಕೊಡುತ್ತಾರೆ. ಬೆಲೆಬಾಳುವ ನೋಟಿಗೆ ಈ ಖರ್ಚು ಸರಿ. ಸಾಮಾನ್ಯ ನೋಟಿಗೆ ಮಾಡಿಸಿದರೆ ದರ್ಜೆಯ ಶುಲ್ಕವೇ ನೋಟಿಗಿಂತ ಜಾಸ್ತಿ ಆಗಬಹುದು.

ಪಿನ್ ತೂತಿನ ಬಗ್ಗೆ ಒಂದು ಮಾತು. ಭಾರತದಲ್ಲಿ ನೋಟಿನ ಕಟ್ಟುಗಳಿಗೆ ಪಿನ್ ಹೊಡೆಯುವ ಅಭ್ಯಾಸ ಬಹಳ ವರ್ಷ ಇತ್ತು. ರಿಸರ್ವ್ ಬ್ಯಾಂಕ್ 2001ರಲ್ಲಿ ಅದನ್ನು ನಿಲ್ಲಿಸುವಂತೆ ಬ್ಯಾಂಕುಗಳಿಗೆ ಹೇಳಿತು. ಹಾಗಾಗಿ ಒಮ್ಮೆಯೂ ಜೇಬು ಕಾಣದ ಹಳೇ ನೋಟಿಗೂ ಪಿನ್ ತೂತು ಇರುವುದು ಮಾಮೂಲು. ಅದನ್ನು ಮುಚ್ಚಿಡದೆ ಹೇಳಿ ಮಾರಬೇಕು.

ನಿಮ್ಮ ನೋಟಿಗೆ ನೀವೇ ದರ್ಜೆ ಕೊಡುವಾಗ ಮನಸ್ಸಿಗೆ ಬಂದದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಬರೆಯಿರಿ. ನಮ್ಮ ಮಕ್ಕಳು ನಮಗೆ ಚೆಂದ, ಅಲ್ವಾ?

ಐದನೇ ಹೆಜ್ಜೆ: ಬೆಲೆ

ಹಳೆಯದು ಅಂದ ಮಾತ್ರಕ್ಕೆ ದುಬಾರಿ ಅಲ್ಲ. 1923ರ ಜರ್ಮನಿಯಲ್ಲಿ ಹಣದುಬ್ಬರ ಹೇಗಿತ್ತೆಂದರೆ ಲಕ್ಷ, ಕೋಟಿ ಮಾರ್ಕ್ ನೋಟುಗಳನ್ನು ಅಚ್ಚು ಹಾಕಿ ಸಾಕಾಗುತ್ತಿರಲಿಲ್ಲ. ಎಷ್ಟೋ ನೋಟುಗಳ ಒಂದು ಬದಿ ಖಾಲಿಯೇ ಬಿಟ್ಟರು. ಆಮೇಲೆ ಅವು ಬರೀ ಕಾಗದವಾದವು, ಹಾಗಾಗಿ ಬೇಕಾದಷ್ಟು ಉಳಿದುಕೊಂಡವು. ನೂರು ವರ್ಷ ದಾಟಿದರೂ ಸಾಮಾನ್ಯ ಅಚ್ಚಿನವು ಅಗ್ಗ. ಜಿಂಬಾಬ್ವೆಯ ನೂರು ಟ್ರಿಲಿಯನ್ ಡಾಲರ್ ನೋಟು ನೋಡಿ. 2008 ಅಂತ ಇಸವಿ, ಒಂದರ ಮುಂದೆ 14 ಸೊನ್ನೆ, ಚಲಾವಣೆಗೆ ಬಂದದ್ದು 2009ರ ಜನವರಿಯಲ್ಲಿ. ಕೆಲವೇ ತಿಂಗಳಲ್ಲಿ ಆ ಹಣವೇ ಹೋಯಿತು. ನೋಟಿಗೆ ಮಾತ್ರ ಜಗತ್ತಿನಾದ್ಯಂತ ಗಿರಾಕಿ. ವಯಸ್ಸು ಚಿಕ್ಕದು, ಬೇಡಿಕೆ ದೊಡ್ಡದು.

ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಎಷ್ಟು ಜನ ಕೇಳುತ್ತಿದ್ದಾರೆ ಅನ್ನುವುದರ ಮೇಲೆ ಬೆಲೆ ನಿಲ್ಲುತ್ತದೆ. ತಿಳಿದುಕೊಳ್ಳುವ ದಾರಿ ಒಂದೇ. ಅದೇ ಪಿಕ್ ನಂಬರಿನ, ಅದೇ ದರ್ಜೆಯ ನೋಟು ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ಅಂತ ಹುಡುಕಿ. ಹೆರಿಟೇಜ್, ಸ್ಪಿಂಕ್‌ನಂಥ ಹರಾಜು ಸಂಸ್ಥೆಗಳು ಹಳೇ ಹರಾಜಿನ ಫಲಿತಾಂಶ ತೋರಿಸುತ್ತವೆ. ಮಾರುವವರು ಕೇಳುತ್ತಿರುವ ಬೆಲೆ ಲೆಕ್ಕಕ್ಕೆ ಬರುವುದಿಲ್ಲ; ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ಒಂದೇ ಫಲಿತಾಂಶ ನಂಬದೆ ನಾಲ್ಕೈದು ನೋಡಿ. ಹರಾಜಿನ ಮೊತ್ತದಲ್ಲಿ ಕೊಳ್ಳುವವರು ಕೊಡುವ ಕಮಿಷನ್ ಸೇರಿರಬಹುದು, ಮಾರಿದವರ ಕೈಗೆ ಅಷ್ಟು ಬಂದಿರುವುದಿಲ್ಲ. ವ್ಯಾಪಾರಿ ನಿಮಗೆ ಅದಕ್ಕಿಂತ ಕಡಿಮೆ ಹೇಳಿದರೆ ಅದು ಮೋಸ ಆಗಬೇಕೆಂದಿಲ್ಲ. ಅವರೂ ಅದನ್ನು ಮಾರಬೇಕಲ್ಲ.

ಸಂಗ್ರಾಹಕರಿಗೆ ಬೇಡವಾದರೂ ಕೆಲವು ನೋಟುಗಳಿಗೆ ಮುಖಬೆಲೆ ಉಳಿದಿರುತ್ತದೆ. ಬ್ಯಾಂಕ್ ಆಫ್ ಇಂಗ್ಲೆಂಡ್ ತಾನು ಹಿಂತೆಗೆದುಕೊಂಡ ನೋಟುಗಳನ್ನು ಯಾವಾಗ ತಂದರೂ ಬದಲಿಸಿಕೊಡುತ್ತದೆ. ಅಮೆರಿಕ ಸರ್ಕಾರ 1861ರಿಂದ ಹೊರಡಿಸಿದ ನೋಟುಗಳು ಇಂದಿಗೂ ನಡೆಯುತ್ತವೆ.

ಇನ್ನು ನಿಮ್ಮ ಹಳೇ ನೋಟಿಗೆ ಲಕ್ಷ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ ಅನ್ನುವವರು. ನಿಜವಾಗಿ ಕೊಳ್ಳುವವರು ನಿಮಗೆ ದುಡ್ಡು ಕೊಡುತ್ತಾರೆ, ನಿಮ್ಮಿಂದ ಕೇಳುವುದಿಲ್ಲ. ತನ್ನ ಹೆಸರು ಹೇಳಿಕೊಂಡು ಹಳೇ ನೋಟು ನಾಣ್ಯದ ವ್ಯವಹಾರಕ್ಕೆ ಶುಲ್ಕ ಕೇಳುತ್ತಿದ್ದಾರೆ ಅಂತ ಭಾರತದ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಆರನೇ ಹೆಜ್ಜೆ: ಇಡುವುದು

ಕವರ್ ಯಾವುದು ಅನ್ನುವುದೇ ಮುಖ್ಯ. ಪಿವಿಸಿ ಬೇಡ. ಹೊಸ ಪ್ಲಾಸ್ಟಿಕ್ಕಿನ ಗಾಢ ವಾಸನೆ ಬರುತ್ತಿದ್ದರೆ, ಮುಟ್ಟಿದರೆ ಮೆತ್ತಗಿದ್ದರೆ ಬಹುಶಃ ಅದೇ. ಅದರಿಂದ ಹೊರಡುವ ಅಂಶ ಕಾಲಕ್ರಮೇಣ ನೋಟಿಗೆ ಅಂಟಿಕೊಳ್ಳುತ್ತದೆ. ಮೈಲಾರ್ ಹೆಸರಲ್ಲಿ ಸಿಗುವ ಪಾಲಿಯೆಸ್ಟರ್ ಕವರ್ ಉತ್ತಮ, ಪಾಲಿಪ್ರೊಪಿಲೀನ್ ಕೂಡ ನಡೆಯುತ್ತದೆ. ಅಂಟು ಹಾಳೆಯ ಫೋಟೋ ಆಲ್ಬಂ ಹತ್ತಿರವೂ ಹೋಗಬೇಡಿ. ಕವರ್ ನೋಟಿಗಿಂತ ಸ್ವಲ್ಪ ದೊಡ್ಡದಿರಲಿ. ಬಿಗಿಯಾದ ಕವರಿಗೆ ತುರುಕುವಾಗಲೇ ಮೂಲೆ ಮುರಿಯುವುದು ಜಾಸ್ತಿ.

ಆಮೇಲೆ ಜಾಗ. ಬಿಸಿಲು ಬೀಳಬಾರದು. ಚೌಕಟ್ಟು ಹಾಕಿ ಗೋಡೆಗೆ ತೂಗಬೇಕು ಅಂತ ಆಸೆಯಿದ್ದರೆ ಒಳ್ಳೆಯ ನೋಟು ಹಾಕಬೇಡಿ. ಬಣ್ಣದ ಜೆರಾಕ್ಸೂ ಬೇಡ, ಅದಕ್ಕೆ ಕಾನೂನಿನ ತಕರಾರು ಬರಬಹುದು, ಅಗ್ಗದ ಇನ್ನೊಂದು ನೋಟು ತಂದು ಹಾಕಿ. ತೇವಾಂಶ 35ರಿಂದ 50 ಪ್ರತಿಶತದ ಒಳಗಿದ್ದರೆ ಒಳ್ಳೆಯದು. ಅದಕ್ಕಿಂತ ಜಾಸ್ತಿ ಹೋದರೆ ಬೂಷ್ಟು, ಕಂದು ಚುಕ್ಕೆ, ಕಾಗದ ತಿನ್ನುವ ಹುಳು. ತೀರಾ ಒಣಗಿದರೆ ಕಾಗದ ಪೆಡಸಾಗುತ್ತದೆ. ಒಮ್ಮೆ ಬಿಸಿ ಒಮ್ಮೆ ತಂಪು ಆಗುವ ಅಟ್ಟ, ಹೊರಗೋಡೆಗೆ ತಾಗಿದ ಬೀರು, ಎರಡೂ ಬೇಡ. ಆಲ್ಬಂ ಇಟ್ಟ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಿಸಿ. ನುಸಿಗುಳಿಗೆ ಹಾಕಬೇಡಿ. ಆಲ್ಬಂ ಅನ್ನು ಪುಸ್ತಕದಂತೆ ನಿಲ್ಲಿಸಿ ಇಡಿ, ಮೇಲೆ ಭಾರ ಹೇರಬೇಡಿ. ಎರಡು ಮೂರು ತಿಂಗಳಿಗೊಮ್ಮೆ ತೆರೆದು ಗಾಳಿ ಆಡಿಸಿ.

ನೋಟು ಒದ್ದೆಯಾದರೆ ಬಿಸಿಲಿಗೆ ಹಾಕುವುದು, ಹೇರ್ ಡ್ರೈಯರ್ ಹಿಡಿಯುವುದು ಮಾಡಬೇಡಿ. ಎರಡು ಶುದ್ಧ ಬಿಳಿ ಒತ್ತುಕಾಗದದ ನಡುವೆ ಸಪಾಟಾಗಿಟ್ಟು, ಕಾಗದ ಬದಲಿಸುತ್ತಾ ನೆರಳಲ್ಲೇ ಒಣಗಿಸಿ.

ಕೊನೆಗೆ ಒಂದು ಪುಸ್ತಕ

ಪ್ರತಿ ನೋಟಿಗೂ ಒಂದು ನಮೂದು ಇರಲಿ. ದೇಶ, ಮುಖಬೆಲೆ, ಪಿಕ್ ನಂಬರ್, ಸರಣಿ ಸಂಖ್ಯೆ, ಸಹಿ, ದರ್ಜೆ, ಯಾವಾಗ ಬಂತು, ಯಾರಿಂದ ಬಂತು, ಎಷ್ಟು ಕೊಟ್ಟಿರಿ. ಕುಂದು ಇದ್ದರೆ ಅದನ್ನೂ ಬರೆಯಿರಿ. ಈ ಪುಸ್ತಕ ಮತ್ತು ಫೋಟೋಗಳು ನೋಟುಗಳಿರುವ ಬೀರುವಿನಲ್ಲೇ ಇರಬಾರದು. ಕಳವೋ ಬೆಂಕಿಯೋ ಆದರೆ ಸರಣಿ ಸಂಖ್ಯೆ ಹೇಳಲು ಬೇರೆ ದಾರಿ ಇರುವುದಿಲ್ಲ. ನೋಟಿನ ಮೇಲೆ, ಕವರಿನ ಮೇಲೆ ಪೆನ್ನಿನಿಂದ ಏನೂ ಬರೆಯಬೇಡಿ. ಚೀಟಿ ಬೇಕಿದ್ದರೆ ಆಮ್ಲವಿಲ್ಲದ ಕಾಗದದಲ್ಲಿ ಪೆನ್ಸಿಲ್ಲಿನಿಂದ ಬರೆದು ಪಕ್ಕದ ಜೇಬಿಗೆ ಹಾಕಿ.

ನನ್ನ ಪುಸ್ತಕದ ಮೊದಲ ನಮೂದು ಆ ನೀಲಿ ನೋಟಿನದೇ. ಐದು ರೂಬಲ್, ಶಿಪೊವ್ ಸಹಿ, ಚಿಕ್ಕ ಸರಣಿ, ವಿಎಫ್ ಅಂತ ಬರೆದು ಆಮೇಲೆ ಎಫ್ ಅಂತ ತಿದ್ದಿದ್ದೇನೆ. ಕುಂದು ಎಂಬಲ್ಲಿ ಹೀಗಿದೆ: ನಾಲ್ಕು ಮಡಿಕೆ, ಇಸ್ತ್ರಿ ಹಾಕಲಾಗಿದೆ. ಯಾರು ಹಾಕಿದ್ದು ಅಂತ ಬರೆದಿಲ್ಲ.